ವೈದಿ ಇಲ್ಲದ ಅಶ್ವತ್ಥ್: ಗಳಿಸಿದ್ದೋ, ಕಳೆದದ್ದೋ?

ಸಿ. ಅಶ್ವತ್ಥ್ ಹುಟ್ಟಿದ್ದು 1939ರಲ್ಲಿ, ಚನ್ನರಾಯಪಟ್ಟಣದಲ್ಲಿ. ಹಾಗಾಗಿ ಹಾಸನ ಸೀಮೆಯವರಿಗೆ ಅವರ ಹಾಡನ್ನು ಹೊಗಳುವ ಹಕ್ಕಿನ ಜೊತೆಗೆ ಅದರ ಮೇಲೆ ಜಗಳ ಆಡುವ ಹಕ್ಕೂ ಇದೆ ಎಂದು ನಾವು ನಂಬಿಕೊಂಡಿದ್ದೇವೆ. ಜಗಳದ ವಿಷಯ ಹಳೆಯದು. ಎಪ್ಪತ್ತರ ದಶಕದ ಕೊನೆಯಿಂದ ಕೆಲವು ವರ್ಷ ಸಿನಿಮಾ ಪೋಸ್ಟರುಗಳಲ್ಲಿ ‘ಸಂಗೀತ: ಅಶ್ವತ್ಥ್–ವೈದಿ’ ಎಂದಿರುತ್ತಿತ್ತು. ವೈದಿ ಎಂದರೆ ಎಲ್. ವೈದ್ಯನಾಥನ್, ಪಿಟೀಲಿನ ಎಲ್. ಸುಬ್ರಹ್ಮಣ್ಯಂ ಅವರ ಅಣ್ಣ. ‘ಏನೇ ಬರಲಿ ಪ್ರೀತಿ ಇರಲಿ’, ‘ನಾರದ ವಿಜಯ’, ‘ಆಲೆಮನೆ’, ‘ಅನುಪಮ’ ಈ ಜೋಡಿಯವು. ಆಮೇಲೆ ಇಬ್ಬರ ದಾರಿಯೂ ಬೇರೆಯಾಯಿತು. ಯಾಕೆ ಬೇರೆಯಾದರು ಎಂಬುದು ಗಾಸಿಪ್ಪಿನ ಬಾಬತ್ತು, ಬಿಡಿ. ಒಂಟಿಯಾದ ಮೇಲೆ ಅಶ್ವತ್ಥ್ ಸಂಗೀತ ಬೆಳೆಯಿತೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಬೆಳೆಯಿತು ಎನ್ನುವವರು ಅರಕಲಗೂಡಿನ ಕೇಳುಗರು, ಇಲ್ಲ ಎನ್ನುವವರು ಗೊರೂರಿನವರು. ನನ್ನ ಒಲವು ಯಾವ ಕಡೆ ಎಂಬುದು ಓದುತ್ತ ಗೊತ್ತಾದರೆ ನಾನೇನೂ ಅಡಗಿಸಿಡುವುದಿಲ್ಲ.

ಪರ: ಅಶ್ವತ್ಥ್ ಅಶ್ವತ್ಥ್ ಆದದ್ದು ಆಮೇಲೆಯೇ

ಒಂದು ತಪ್ಪು ಲೆಕ್ಕವನ್ನು ಮೊದಲು ಸರಿಮಾಡಿಬಿಡೋಣ. ಜೋಡಿ ಇಲ್ಲದಿದ್ದರೆ ಇಬ್ಬರೂ ಅರ್ಧ ಅರ್ಧ ಎಂಬಂತೆ ಮಾತಾಡುತ್ತಾರೆ. 1977ರಲ್ಲಿ ಮಾಸ್ತಿಯವರ ನಾಟಕ ಆಧರಿಸಿದ ‘ಕಾಕನಕೋಟೆ’ಗೆ ಅಶ್ವತ್ಥ್ ಒಬ್ಬರೇ ಸಂಗೀತ ಕೊಟ್ಟರು. ಅದೇ ವರ್ಷ ಸಿದ್ದಲಿಂಗಯ್ಯನವರ ‘ಹೇಮಾವತಿ’ಗೆ ವೈದಿ ಒಬ್ಬರೇ ಕೊಟ್ಟರು, ಅದರಲ್ಲಿ ಎಸ್. ಜಾನಕಿ ಹಾಡಿದ ಹಾಡನ್ನು ಇವತ್ತಿಗೂ ಸ್ಪರ್ಧೆಗಳಲ್ಲಿ ಧೈರ್ಯವಂತರಷ್ಟೇ ಆರಿಸಿಕೊಳ್ಳುತ್ತಾರೆ. ಇಬ್ಬರೂ ಪೂರ್ತಿ ಕಲಾವಿದರು. ಒಂದಷ್ಟು ದಿನ ಒಟ್ಟಿಗೆ ದುಡಿದರು, ಅಷ್ಟೇ.

ಇನ್ನು ಜೋಡಿಯ ಹಾಡುಗಳನ್ನೇ ನೋಡಿ. ‘ನಮ್ಮೂರ ಮಂದಾರ ಹೂವೆ’ ಯಾರ ದನಿ? ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. ‘ಇದು ಎಂಥಾ ಲೋಕವಯ್ಯ’? ಯೇಸುದಾಸ್. ಚೆನ್ನಾಗಿವೆ, ಒಪ್ಪಿದೆ. ಆದರೆ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತ, ಕೆಲಸ ಬಿಟ್ಟ ಮೇಲೆ ನಾಟಕದ ತಾಲೀಮಿಗೆ ಓಡುತ್ತಿದ್ದ ಮನುಷ್ಯನ ಗಂಟಲು ಅದರಲ್ಲೆಲ್ಲಿ? ಆ ಗಂಟಲು ನುಣುಪಲ್ಲ. ಮೇಲಿನ ಸ್ಥಾಯಿಗೆ ಹೋದಾಗ ಅಂಚು ಒಡೆಯುತ್ತದೆ, ಒಂದೇ ಸಾಲನ್ನು ಎರಡನೇ ಸಲ ಹೇಳುವಾಗ ಒಂದು ಪದವನ್ನು ಹಿಡಿದು ಜಗ್ಗುತ್ತದೆ. ಮದರಾಸಿನ ಸ್ಟುಡಿಯೋದಲ್ಲಿ ಅದಕ್ಕೆ ಜಾಗ ಸಾಲುತ್ತಿರಲಿಲ್ಲ.

ಜಾಗ ಸಿಕ್ಕಿದ್ದು ಕ್ಯಾಸೆಟ್ಟಿನಿಂದ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಆ ಬಾಗಿಲು ತೆಗೆದಿತ್ತು. ಸಿನಿಮಾ ನಿರ್ಮಾಪಕನ ಹಂಗಿಲ್ಲದೆ ಕವಿತೆ ಮನೆಮನೆಗೆ ಹೋಗಬಹುದು ಎಂದಾಯಿತು. ಅಶ್ವತ್ಥ್ ಶಿಶುನಾಳ ಶರೀಫರನ್ನು ಎತ್ತಿಕೊಂಡರು. 1889ರಲ್ಲಿ ತೀರಿಕೊಂಡ ತತ್ವಪದಕಾರನನ್ನು ನೂರು ವರ್ಷದ ನಂತರ ಹಾಸನದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ತಂದು ಕೂರಿಸಿದ್ದು ಅವರ ರಾಗಸಂಯೋಜನೆ, ಅವರ ಮತ್ತು ಶಿವಮೊಗ್ಗ ಸುಬ್ಬಣ್ಣನವರ ದನಿ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದಾಗ ಪ್ರೇಕ್ಷಕರಿಗೆ ಹಾಡು ಹೊಸದಲ್ಲ. ಗೊತ್ತಿದ್ದ ಹಾಡಿಗೆ ಮುಖ ನೋಡಲು ಟಾಕೀಸಿಗೆ ಹೋದರು. ಎರಡು ವರ್ಷದಲ್ಲಿ ‘ಮೈಸೂರು ಮಲ್ಲಿಗೆ’. ಅದರ ಗೀತೆಗಳಿಗೆ ಕೆ.ಎಸ್. ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಂಗೀತಕ್ಕಲ್ಲ, ಸಾಹಿತ್ಯಕ್ಕೆ ಬಂತು ಎಂಬುದನ್ನು ಗಮನಿಸಬೇಕು. ಮಾತು ಕೇಳಿಸುವ ಹಾಗೆ ಸಂಗೀತ ಪಕ್ಕಕ್ಕೆ ಸರಿದು ನಿಂತಿದ್ದರಿಂದ ಬಂದದ್ದು ಅದು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನ ಕಿಕ್ಕಿರಿದರಲ್ಲ, ಕವಿತೆ ಕೇಳಲು! ಯಾವ ಜೋಡಿಗೆ ಅದು ಆಗಿತ್ತು?

ವೈದಿಯವರಿಗೇನು ಕಡಿಮೆಯಾಯಿತು? 1986ರ ‘ಮಾಲ್ಗುಡಿ ಡೇಸ್’, 1987ರ ‘ಪುಷ್ಪಕ ವಿಮಾನ’. ಒಬ್ಬರೂ ಬಡವಾಗಲಿಲ್ಲ. ಇಬ್ಬರೂ ತಂತಮ್ಮ ಹೊಲ ಉತ್ತುಕೊಂಡರು.

ವಿರೋಧ: ಬೇಲಿ ಬಿದ್ದ ಮೇಲೆ ಎರಡು ಹೊಲ

ಅರಕಲಗೂಡಿನ ಗೆಳೆಯರು ಕೊನೆಯಲ್ಲಿ ಹೇಳಿದ್ದರಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಅವರ ವಾದ ಬೀಳುವುದೂ ಅಲ್ಲೇ. ‘ಮಾಲ್ಗುಡಿ ಡೇಸ್’ ಶೀರ್ಷಿಕೆ ಸಂಗೀತ ಹಿಂದಿ ಬಲ್ಲವರೂ ಬಾರದವರೂ ಗುನುಗಿದರು. ಗುನುಗಿದ್ದು ಏನನ್ನು? ತಾನಾನವನ್ನು. ಅದರಲ್ಲಿ ಮಾತಿಲ್ಲ. ‘ಪುಷ್ಪಕ ವಿಮಾನ’ ಅಂತೂ ಸಂಭಾಷಣೆಯೇ ಇಲ್ಲದ ಚಿತ್ರ. ಬೇರೆಯಾದ ಮೇಲೆ ವೈದಿಯವರಿಗೆ ಕೀರ್ತಿ ತಂದದ್ದು ಮಾತಿಲ್ಲದ ಸಂಗೀತ. ಅಶ್ವತ್ಥರಿಗೆ ಕೀರ್ತಿ ತಂದದ್ದು ಮಾತಿಗೆ ಊಳಿಗ ಮಾಡಿದ ಸಂಗೀತ. ಮಾತೂ ನಾದವೂ ಒಂದೇ ಹಾಸಿನ ಮೇಲೆ ಸಮಸಮ ಕೂತ ಜಾಗ ಯಾವುದು? ‘ಆಲೆಮನೆ’. ಆ ಜಾಗ ಹೋಯಿತು. ಇಬ್ಬರೂ ಬಡವಾಗಲಿಲ್ಲ ಸ್ವಾಮಿ, ಬಡವಾದದ್ದು ಕನ್ನಡ ಸಿನಿಮಾ ಹಾಡು.

‘ಆಲೆಮನೆ’ಗೆ ದೊಡ್ಡರಂಗೇಗೌಡರು ಬರೆದ ಆ ಮಂದಾರದ ಹಾಡನ್ನು ಇನ್ನೊಮ್ಮೆ ಕೇಳಿ, ಇಯರ್‌ಫೋನ್ ಹಾಕಿಕೊಂಡು. ಹಾಡುವವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ವಾದ್ಯಗಳು ಬಂದು ಆ ಬಿಡುವನ್ನು ತುಂಬುತ್ತವೆ, ಮಾತು ಮತ್ತೆ ಬರುವುದರೊಳಗೆ ತಗ್ಗುತ್ತವೆ. ನಮ್ಮ ಹೊಳೆನರಸೀಪುರದ ಕಡೆ ಕಬ್ಬಿನ ಹೊಲಗಳ ನಡುವೆ ಬೈಕಿನಲ್ಲಿ ಹೋಗುವಾಗ ಬಾಯಿಗೆ ತಾನಾಗಿ ಬರುವ ಹಾಡು ಅದು. ಅದರಲ್ಲಿ ಯಾರು ಎಷ್ಟು ಮಾಡಿದರು ಎಂದು ಗೆರೆ ಎಳೆಯಲು ಬರುವುದಿಲ್ಲ, ಬರಬಾರದು.

ನಮ್ಮೂರಿಗೂ ಈ ಕಥೆಯಲ್ಲಿ ಒಂದು ಎಳೆ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆಯಿಂದ ‘ಭೂತಯ್ಯನ ಮಗ ಅಯ್ಯು’ ಮಾಡಿದ ಸಿದ್ದಲಿಂಗಯ್ಯನವರೇ 1980ರಲ್ಲಿ ‘ನಾರದ ವಿಜಯ’ಕ್ಕೆ ಈ ಜೋಡಿಯನ್ನು ಕರೆದರು. ಹಳ್ಳಿಯ ಮಾತನ್ನೂ ಪೇಟೆಯ ಕಿವಿಯನ್ನೂ ಬಲ್ಲ ನಿರ್ದೇಶಕ ಅವರು. ಆ ಎರಡೂ ಈ ಜೋಡಿಯ ಸಂಗೀತದಲ್ಲಿದ್ದವು.

ಒಂಟಿ ಅಶ್ವತ್ಥರ ತೊಂದರೆ ಪ್ರತಿಭೆಯದಲ್ಲ. ‘ಇಲ್ಲಿ ಸಾಕು’ ಎನ್ನುವವರು ಪಕ್ಕದಲ್ಲಿ ಇರಲಿಲ್ಲ. ಸಂಯೋಜಕರೂ ಅವರೇ, ಗಾಯಕರೂ ಅವರೇ, ವೇದಿಕೆಯ ನಾಯಕರೂ ಅವರೇ. ಮೇಲಿನ ಸ್ಥಾಯಿಗೆ ಹೋದರೆ ಚಪ್ಪಾಳೆ ಬೀಳುತ್ತದೆ ಎಂದು ಗೊತ್ತಾದ ಮೇಲೆ ಮೆಲ್ಲಗೆ ಹೇಳಬೇಕಾದ ಕವಿತೆಯೂ ಅಲ್ಲಿಗೇ ಏರಿತು. ಶರೀಫರ ಪದಗಳನ್ನು ಧಾರವಾಡ, ಹಾವೇರಿ ಕಡೆಯ ಭಜನಾ ಮೇಳದವರು ದಮ್ಮಡಿ, ಏಕತಾರಿ ಹಿಡಿದು ಹಾಡುವ ಧಾಟಿಗಳೇ ಬೇರೆ. ಕ್ಯಾಸೆಟ್ಟು ಬಂದ ಮೇಲೆ ಅವರ ಊರಲ್ಲೂ ಮೈಕಿನಲ್ಲಿ ಕೇಳಿಸಿದ್ದು ಚನ್ನರಾಯಪಟ್ಟಣದವರ ಧಾಟಿ. ನಮ್ಮ ಜಿಲ್ಲೆಗೆ ಹೆಮ್ಮೆ, ಅವರಿಗೆ?

ಹೊರಗಿನ ಒಂದು ಉದಾಹರಣೆ. ಲಂಡನ್ನಿನ ಪಂಕ್ ತಂಡ ‘ದಿ ಕ್ಲ್ಯಾಶ್’ನಲ್ಲಿ ಜೋ ಸ್ಟ್ರಮ್ಮರ್, ಮಿಕ್ ಜೋನ್ಸ್ ಇಬ್ಬರೂ ಸೇರಿ ಹಾಡು ಕಟ್ಟುತ್ತಿದ್ದರು. 1983ರಲ್ಲಿ ಜೋನ್ಸ್ ಅವರನ್ನು ಹೊರಹಾಕಿ, ಹೊಸಬರನ್ನು ಸೇರಿಸಿಕೊಂಡು 1985ರಲ್ಲಿ ‘ಕಟ್ ದಿ ಕ್ರ್ಯಾಪ್’ ಎಂಬ ಆಲ್ಬಂ ತಂದರು. ಹೆಸರು ಅದೇ, ಗರ್ಜನೆ ಇನ್ನೂ ಜಾಸ್ತಿ. ‘ದಿಸ್ ಈಸ್ ಇಂಗ್ಲೆಂಡ್’ ಒಂದನ್ನು ಬಿಟ್ಟು ಉಳಿದದ್ದನ್ನು ಅಭಿಮಾನಿಗಳು ಬದಿಗಿಟ್ಟರು, ತಂಡವೂ ಮುಗಿಯಿತು. ಅಶ್ವತ್ಥ್ ಅಷ್ಟು ದೂರ ಬೀಳಲಿಲ್ಲ, ನಿಜ. ಬೀಳದಂತೆ ಹಿಡಿದದ್ದು ಶರೀಫ, ಕುವೆಂಪು, ಬೇಂದ್ರೆ, ಕೆ.ಎಸ್.ನ. ಅಂಥ ಕವಿಗಳ ಬೆನ್ನು ಸ್ಟ್ರಮ್ಮರ್‌ಗೆ ಇರಲಿಲ್ಲ.

2008ರಲ್ಲಿ ರಘು ದೀಕ್ಷಿತ್ ಗಿಟಾರು ಹಿಡಿದು ಶರೀಫರ ‘ಗುಡುಗುಡಿಯಾ ಸೇದಿ ನೋಡೊ’ ಹಾಡಿದರು, ಧಾಟಿ ಅವರದೇ. ಹುಡುಗರು ಕುಣಿದರು. ಅಂದರೆ ಆ ಪದಗಳಿಗೆ ಬೇರೆ ಧಾಟಿ ಹಾಕಬಹುದು. ‘ನಮ್ಮೂರ ಮಂದಾರ ಹೂವೆ’ಗೆ ಬೇರೆ ಧಾಟಿ ಹಾಕಿ ನೋಡಿ.

ಪರದವರ ಮರುಮಾತು

ಹಾಕಬೇಕಾದ್ದೇನು? ಸಿನಿಮಾ ಹಾಡಿಗೆ ಬೇರೆ ಧಾಟಿ ಯಾರೂ ಹಾಕುವುದಿಲ್ಲ, ಅದು ಹಾಡಿನ ಗೆಲುವೂ ಅಲ್ಲ, ಸೋಲೂ ಅಲ್ಲ. ಕ್ಲ್ಯಾಶ್ ಮಾತು ಬಂತಲ್ಲ, ಅಲ್ಲಿ ಹೊಸ ಆಲ್ಬಂ ಹಳೇ ತಂಡದ ಹೆಸರಿಟ್ಟುಕೊಂಡು ಬಂತು, ಜನ ಹಳೆಯದನ್ನು ಕೇಳಿದರು. ಅಶ್ವತ್ಥ್ ‘ಅಶ್ವತ್ಥ್–ವೈದಿ’ ಎಂಬ ಬೋರ್ಡನ್ನು ಎಳೆದುಕೊಂಡು ತಿರುಗಲಿಲ್ಲ. ಒಂಟಿ ಹೆಸರಿನಲ್ಲಿ, ಬೇರೆ ಬಗೆಯ ಹಾಡಿಗೆ, ಬೇರೆ ಕೇಳುಗರನ್ನು ಹುಡುಕಿಕೊಂಡು ಹೋದರು. ಧಾರವಾಡದವರ ಧಾಟಿ ಅಡಗಿತು ಎಂಬ ದೂರನ್ನು ಮಾತ್ರ ನಾನು ತಳ್ಳಿಹಾಕಲಾರೆ. ಆದರೆ ಅದಕ್ಕೆ ವೈದಿ ಜೊತೆಗಿದ್ದಿದ್ದರೆ ಏನು ಪರಿಹಾರವಾಗುತ್ತಿತ್ತು ಎಂದು ಗೊರೂರಿನವರು ಹೇಳಲಿ; ಆ ಕ್ಯಾಸೆಟ್ಟೂ ಧಾರವಾಡದ ಭಜನಾ ಮನೆಯಲ್ಲಿ ತಯಾರಾಗುತ್ತಿರಲಿಲ್ಲ.