ವೈರಸ್ ಮಾಹಿತಿ ಎಲ್ಲರಿಗೆ, ಲಸಿಕೆ ಯಾರಿಗೆ?

2021ರ ನವೆಂಬರ್ ಕೊನೆಯ ವಾರ ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾದ ವಿಜ್ಞಾನಿಗಳು ಕೊರೊನಾ ವೈರಸ್‌ನ ಹೊಸ ರೂಪಾಂತರಿಯೊಂದನ್ನು ಪತ್ತೆ ಹಚ್ಚಿ, ಅದರ ವಂಶವಾಹಿ ವಿವರವನ್ನು ತಡಮಾಡದೆ ಜಗತ್ತಿನ ಮುಂದಿಟ್ಟರು. ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಮಿಕ್ರಾನ್ ಎಂದು ಹೆಸರಿಟ್ಟಿತು. ಬ್ರಿಟನ್ ಅದಕ್ಕೂ ಮುನ್ನವೇ ಆಫ್ರಿಕಾದ ದಕ್ಷಿಣ ಭಾಗದ ವಿಮಾನಗಳನ್ನು ತಡೆಯುವ ನಿರ್ಧಾರ ಪ್ರಕಟಿಸಿತ್ತು. ಬೆನ್ನಲ್ಲೇ ಇತರ ಅನೇಕ ರಾಷ್ಟ್ರಗಳೂ ಬಾಗಿಲು ಹಾಕಿಕೊಂಡವು. ಆದರೆ ವೈರಸ್ ಯಾರ ಅಪ್ಪಣೆಗೂ ಕಾಯಲಿಲ್ಲ. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ವರದಿಯಾದಾಗ, ಆ ಇಬ್ಬರಲ್ಲಿ ಒಬ್ಬರು ವಿದೇಶ ಪ್ರಯಾಣವನ್ನೇ ಮಾಡಿರಲಿಲ್ಲ.

ಪ್ರಾಮಾಣಿಕವಾಗಿ ಮಾಹಿತಿ ನೀಡಿದ್ದಕ್ಕೆ ತಮಗೆ ದಂಡನೆಯಾಯಿತು ಎಂಬುದು ದಕ್ಷಿಣ ಆಫ್ರಿಕಾದ ಅಳಲಾಗಿತ್ತು. ಈ ಅಳಲು ಹೊಸದಲ್ಲ. ಅಂತಾರಾಷ್ಟ್ರೀಯ ಆರೋಗ್ಯ ಸಹಕಾರದ ದೊಡ್ಡ ತೊಡಕು ಇರುವುದೇ ಇಲ್ಲಿ: ಮಾಹಿತಿ ಕೊಡುವ ಕರ್ತವ್ಯ ಎಲ್ಲರ ಮೇಲಿದೆ, ಆ ಮಾಹಿತಿಯಿಂದ ತಯಾರಾದದ್ದರಲ್ಲಿ ಪಾಲು ಕೇಳುವ ಹಕ್ಕು ಮಾತ್ರ ಸ್ಪಷ್ಟವಾಗಿಲ್ಲ.

ಫ್ಲೂ ವೈರಸ್‌ಗಳ ಮಾದರಿಗಳನ್ನು ದೇಶದೇಶಗಳ ನಡುವೆ ಹಂಚಿಕೊಳ್ಳುವ ಜಾಲವನ್ನು ವಿಶ್ವ ಆರೋಗ್ಯ ಸಂಸ್ಥೆ 1952ರಲ್ಲೇ ಕಟ್ಟಿತು. ದಶಕಗಳ ಕಾಲ ಅದು ಸದ್ದಿಲ್ಲದೆ ನಡೆಯಿತು. ಅದಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಇಂಡೋನೇಷ್ಯಾದಿಂದ. ಹಕ್ಕಿಜ್ವರದಿಂದ ಅಲ್ಲಿ ಜನ ಸಾಯುತ್ತಿದ್ದ ದಿನಗಳವು. ತನ್ನ ದೇಶದ ವೈರಸ್ ಬಳಸಿ ಆಸ್ಟ್ರೇಲಿಯಾದ ಕಂಪನಿಯೊಂದು ಲಸಿಕೆ ಸಿದ್ಧಪಡಿಸುತ್ತಿದೆ, ಅದನ್ನು ಕೊಳ್ಳುವ ಶಕ್ತಿ ಮಾತ್ರ ತನ್ನ ಜನರಿಗಿಲ್ಲ ಎಂಬುದನ್ನು ಮನಗಂಡ ಇಂಡೋನೇಷ್ಯಾ, 2007ರ ಆರಂಭದ ಹೊತ್ತಿಗೆ ಮಾದರಿಗಳನ್ನು ಕಳುಹಿಸುವುದನ್ನೇ ನಿಲ್ಲಿಸಿತು. ಆರೋಗ್ಯ ಸಚಿವೆ ಸಿತಿ ಫದಿಲಾ ಸುಪಾರಿ ಅವರ ಈ ನಿಲುವನ್ನು ಪಾಶ್ಚಾತ್ಯ ವಲಯಗಳು ಹೊಣೆಗೇಡಿತನವೆಂದು ಕರೆದವು. ಅಪಾಯಕಾರಿ ಹೆಜ್ಜೆ ಎಂಬುದೇನೋ ನಿಜ. ಆದರೆ ಅಲ್ಲಿಯವರೆಗೆ ಬಡರಾಷ್ಟ್ರಗಳ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ ಎಂಬುದೂ ಅಷ್ಟೇ ನಿಜ.

ನಾಲ್ಕು ವರ್ಷಗಳ ಜಗ್ಗಾಟದ ಬಳಿಕ 2011ರಲ್ಲಿ ಒಂದು ಚೌಕಟ್ಟು ಒಪ್ಪಿತವಾಯಿತು. ಮಾದರಿ ಪಡೆಯುವ ಕಂಪನಿಗಳು ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಕರಾರು ಮಾಡಿಕೊಳ್ಳಬೇಕು. ಸಾಂಕ್ರಾಮಿಕ ಬಂದಾಗ ಲಸಿಕೆಯ ಒಂದು ಪಾಲನ್ನು ಸಂಸ್ಥೆಗೆ ಒದಗಿಸಬೇಕು. ಜಾಲದ ನಿರ್ವಹಣೆಗೆ ವರ್ಷವರ್ಷವೂ ಹಣ ನೀಡಬೇಕು. ಒಳ್ಳೆಯ ವ್ಯವಸ್ಥೆಯೇ. ಆದರೆ ಅದರ ವ್ಯಾಪ್ತಿ ಸಾಂಕ್ರಾಮಿಕವಾಗಬಲ್ಲ ಫ್ಲೂ ವೈರಸ್‌ಗಳಿಗಷ್ಟೇ ಸೀಮಿತ. ಜೊತೆಗೆ, ಅದು ಹಿಡಿದಿಟ್ಟದ್ದು ಸೀಸೆಯಲ್ಲಿರುವ ವೈರಸ್ಸನ್ನು. ಕಂಪ್ಯೂಟರಿನಲ್ಲಿರುವ ವಂಶವಾಹಿ ಮಾಹಿತಿಯನ್ನಲ್ಲ.

ಈ ಎರಡನೆಯ ಕೊರತೆ ಎಷ್ಟು ದೊಡ್ಡದೆಂಬುದು 2020ರಲ್ಲಿ ಬಯಲಾಯಿತು. ಆ ವರ್ಷದ ಜನವರಿ 11ರಂದು ಶಾಂಘೈನ ವಿಜ್ಞಾನಿ ಝಾಂಗ್ ಯಾಂಗ್‌ಝೆನ್ ಅವರ ತಂಡ ಹೊಸ ಕೊರೊನಾ ವೈರಸ್‌ನ ಜಿನೋಮ್ ವಿವರವನ್ನು ಆಸ್ಟ್ರೇಲಿಯಾದ ಸಹೋದ್ಯೋಗಿ ಎಡ್ವರ್ಡ್ ಹೋಮ್ಸ್ ಮೂಲಕ ಅಂತರಜಾಲದಲ್ಲಿ ಪ್ರಕಟಿಸಿತು. ಮರುದಿನವೇ ಅವರ ಪ್ರಯೋಗಾಲಯಕ್ಕೆ ಬೀಗ ಬಿತ್ತೆಂಬುದು ಬೇರೆಯದೇ ಕಥೆ. ಅಮೆರಿಕದ ಮಾಡರ್ನಾ ಕಂಪನಿಗೆ ವೈರಸ್‌ನ ಒಂದು ಹನಿಯೂ ಬೇಕಾಗಲಿಲ್ಲ, ಆ ಅಕ್ಷರಮಾಲೆಯೇ ಸಾಕಾಯಿತು. ಮಾರ್ಚ್ 16ರಂದು ಅದರ ಲಸಿಕೆಯ ಮೊದಲ ಮಾನವ ಪ್ರಯೋಗ ಆರಂಭವಾಯಿತು. ಮಾಹಿತಿ ಮುಕ್ತವಾಗಿದ್ದರೆ ವಿಜ್ಞಾನ ಎಷ್ಟು ವೇಗವಾಗಿ ಓಡಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಅದರ ಫಲ ಹಂಚಿಕೆಯಾದ ಬಗೆ ಮಾತ್ರ ಬೇರೆ. 2021 ಮುಗಿಯುವಾಗ ಶ್ರೀಮಂತ ರಾಷ್ಟ್ರಗಳು ಮೂರನೆಯ ಡೋಸ್ ನೀಡುತ್ತಿದ್ದರೆ, ಆಫ್ರಿಕಾ ಖಂಡದಲ್ಲಿ ಪೂರ್ಣ ಲಸಿಕೆ ಪಡೆದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ.

ಇಲ್ಲಿ ಭಾರತದ ಸ್ಥಿತಿ ವಿಚಿತ್ರವಾದುದು. 2020ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದೊಡನೆ ಸೇರಿ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಪೇಟೆಂಟ್ ವಿನಾಯಿತಿ ಕೇಳಿದ್ದು ನಮ್ಮದೇ ಸರ್ಕಾರ. ಎರಡನೆಯ ಅಲೆ ಅಪ್ಪಳಿಸಿದಾಗ ಲಸಿಕೆಯ ರಫ್ತನ್ನು ತಡೆಹಿಡಿದದ್ದೂ ನಾವೇ. ಪುಣೆಯ ಕಾರ್ಖಾನೆಯನ್ನೇ ನೆಚ್ಚಿದ್ದ ಬಡದೇಶಗಳು ತಿಂಗಳುಗಟ್ಟಲೆ ಕಾದವು. ಮನೆಗೆ ಬೆಂಕಿ ಬಿದ್ದಾಗ ನೆರೆಯವನಿಗೆ ಕೊಡ ಎರವಲು ಕೊಡುವವರಾರು ಎಂದು ಸಮರ್ಥಿಸಿಕೊಳ್ಳಬಹುದು. ಆದರೆ ಅದೇ ಸಮರ್ಥನೆ ಅಮೆರಿಕ, ಯೂರೋಪುಗಳಿಗೂ ಸಲ್ಲುತ್ತದೆ. ಆಪತ್ಕಾಲದಲ್ಲಿ ಔದಾರ್ಯವನ್ನು ನಂಬಿ ಕೂರಲಾಗದು, ಮುಂಚಿತವಾಗಿಯೇ ಕರಾರು ಬೇಕು ಎಂಬ ವಾದಕ್ಕೆ ಬಲ ಬಂದದ್ದು ಈ ಅನುಭವದಿಂದ.

ಮುಕ್ತ ಮಾಹಿತಿಯ ಪರವಾಗಿ ಮಾತನಾಡುವವರು ಮಾನವ ಜಿನೋಮ್ ಯೋಜನೆಯನ್ನು ಉದಾಹರಿಸುವುದುಂಟು. ಆರು ರಾಷ್ಟ್ರಗಳ ವಿಜ್ಞಾನಿಗಳು ದುಡಿದ ಆ ಯೋಜನೆಯಲ್ಲಿ, ಓದಿದ ವಂಶವಾಹಿ ವಿವರವನ್ನು 24 ಗಂಟೆಯೊಳಗೆ ಸಾರ್ವಜನಿಕಗೊಳಿಸಬೇಕೆಂದು 1996ರಲ್ಲಿ ಬರ್ಮುಡಾದಲ್ಲಿ ತೀರ್ಮಾನವಾಗಿತ್ತು. 2003ರಲ್ಲಿ ಯೋಜನೆ ಪೂರ್ಣಗೊಂಡಾಗ ಆ ಮಾಹಿತಿ ಯಾರೊಬ್ಬರ ಆಸ್ತಿಯೂ ಆಗಿರಲಿಲ್ಲ. ನಿಜಕ್ಕೂ ದೊಡ್ಡ ಸಾಧನೆ. ಆದರೆ ಅಲ್ಲಿ ಮಾಹಿತಿ ಕೊಟ್ಟವರೂ ಬಳಸಿಕೊಂಡವರೂ ಬಹುಮಟ್ಟಿಗೆ ಒಂದೇ ಸ್ತರದವರು, ಪ್ರಯೋಗಾಲಯ ಉಳ್ಳವರು. ಅದನ್ನು ಕಾಂಗೋ ಕಾಡಂಚಿನ ಆಸ್ಪತ್ರೆಗೆ ಅನ್ವಯಿಸುವುದು ಸರಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 10,000 ಭಾರತೀಯರ ಜಿನೋಮ್ ಓದಲಾಗಿದ್ದು, 2025ರ ಜನವರಿಯಲ್ಲಿ ಬಿಡುಗಡೆಯಾದ ಆ ಮಾಹಿತಿ ಫರೀದಾಬಾದಿನ ಸರ್ಕಾರಿ ಕೇಂದ್ರದಲ್ಲಿದೆ. ಸಂಶೋಧಕರು ಅರ್ಜಿ ಹಾಕಿ, ಷರತ್ತುಗಳಿಗೆ ಒಪ್ಪಿಯೇ ಅದನ್ನು ಪಡೆಯಬೇಕು. ಕೊಡುವ ಸರದಿ ತನ್ನದಾದಾಗ ಭಾರತವೂ ಎಚ್ಚರಿಕೆಯನ್ನೇ ಆರಿಸಿಕೊಂಡಿತು ಎಂಬುದು ಗಮನಾರ್ಹ.

2025ರ ಮೇ 20ರಂದು ಜಿನೀವಾದಲ್ಲಿ ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದ ಈ ಗಂಟನ್ನು ಬಿಡಿಸಲು ಹೊರಟಿದೆ. ಅದರ 12ನೇ ವಿಧಿಯ ಪ್ರಕಾರ, ರೋಗಾಣುಗಳ ಮಾದರಿಯೊಂದಿಗೆ ಅವುಗಳ ವಂಶವಾಹಿ ಮಾಹಿತಿಯೂ ಹಂಚಿಕೆಯ ವ್ಯವಸ್ಥೆಯೊಳಗೆ ಬರುತ್ತದೆ. ಸಾಂಕ್ರಾಮಿಕದ ತುರ್ತು ಸಂದರ್ಭದಲ್ಲಿ, ವ್ಯವಸ್ಥೆಗೆ ಸೇರಿದ ತಯಾರಕರು ತಮ್ಮ ಉತ್ಪಾದನೆಯ ಶೇ. 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸಬೇಕು, ಅದರಲ್ಲಿ ಅರ್ಧವನ್ನಾದರೂ ಉಚಿತವಾಗಿ. ಹಿಂದಿನ ದಿನ ಸಮಿತಿಯಲ್ಲಿ ನಡೆದ ಮತದಾನದಲ್ಲಿ 124 ರಾಷ್ಟ್ರಗಳು ಪರವಾಗಿದ್ದವು, ವಿರೋಧ ಒಂದೂ ಇರಲಿಲ್ಲ, 11 ರಾಷ್ಟ್ರಗಳು ತಟಸ್ಥವಾಗಿದ್ದವು. ಆದರೆ ದೊಡ್ಡ ಔಷಧ ಕಂಪನಿಗಳ ತವರಾದ ಅಮೆರಿಕ ಆ ಸಭೆಯಿಂದಲೇ ದೂರ ಉಳಿದಿತ್ತು.

ಈ ವ್ಯವಸ್ಥೆಯ ವಿವರಗಳನ್ನು ಪ್ರತ್ಯೇಕ ಅನುಬಂಧಕ್ಕೆ ಬಿಡಲಾಯಿತು. ಅನುಬಂಧಕ್ಕೆ ಒಪ್ಪಿಗೆ ದೊರೆತ ಮೇಲಷ್ಟೇ ಒಪ್ಪಂದ ಸಹಿಗೆ ತೆರೆದುಕೊಳ್ಳಬೇಕು, 60 ರಾಷ್ಟ್ರಗಳು ಅನುಮೋದಿಸಿದ ಮೇಲಷ್ಟೇ ಜಾರಿಗೆ ಬರಬೇಕು. ಮಾತುಕತೆ ಸಿಕ್ಕಿಹಾಕಿಕೊಂಡದ್ದು ಮೇಲ್ನೋಟಕ್ಕೆ ಸಣ್ಣದೆನಿಸುವ ಪ್ರಶ್ನೆಗಳಲ್ಲಿ. ಮಾಹಿತಿ ಕೋಶವನ್ನು ಬಳಸುವವರು ಹೆಸರು ನೋಂದಾಯಿಸಬೇಕೇ, ಅನಾಮಧೇಯರಾಗಿ ಇಳಿಸಿಕೊಳ್ಳಬಹುದೇ? ಕರಾರಿಗೆ ಸಹಿ ಹಾಕದ ಕಂಪನಿಗೂ ಮಾಹಿತಿ ಸಿಗುವುದಾದರೆ ಸಹಿ ಹಾಕುವವರಾರು? ಆಫ್ರಿಕಾದ ರಾಷ್ಟ್ರಗಳು ನೋಂದಣಿ ಮತ್ತು ಕರಾರು ಕಡ್ಡಾಯವಾಗಬೇಕೆಂದರೆ, ಐರೋಪ್ಯ ರಾಷ್ಟ್ರಗಳು ಇದರಿಂದ ಸಂಶೋಧನೆಗೆ ಅಡ್ಡಿಯಾದೀತೆನ್ನುತ್ತವೆ. ಅಂತರಜಾಲದಲ್ಲಿ ಒಂದು ಸಾಮಾನ್ಯ ಅಂಚೆಪೆಟ್ಟಿಗೆ ತೆರೆಯಲೂ ಹೆಸರು, ಫೋನ್ ನಂಬರ್ ಕೇಳುವ ಕಾಲದಲ್ಲಿ, ವೈರಸ್‌ನ ನೀಲನಕ್ಷೆ ಪಡೆಯುವವರ ಹೆಸರು ಬರೆದಿಟ್ಟುಕೊಂಡರೆ ವಿಜ್ಞಾನ ನಿಂತುಹೋಗುತ್ತದೆಂಬ ವಾದ ನಂಬಲರ್ಹವಾಗಿ ಕಾಣುವುದಿಲ್ಲ.