ನಡುಕದ ಜೊತೆಗಿನ ಖಿನ್ನತೆ

“ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ, ಅಪ್ಪಾಜಿ. ಸುಮ್ನೆ ಏನೇನೋ ಮನಸ್ಸಿಗೆ ಹಚ್ಕೋಬೇಡಿ.”

ರಕ್ತಪರೀಕ್ಷೆಯ ಕೇಂದ್ರವೊಂದರಲ್ಲಿ ಕಿವಿಗೆ ಬಿದ್ದ ಮಾತು. ಅಪ್ಪನ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಾ ನಡುಗುತ್ತಿತ್ತು; ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ.

ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆಯ ಲಕ್ಷಣಗಳಿರುತ್ತವೆ. ಕೆಲವರಲ್ಲಿ ನಡುಕಕ್ಕಿಂತ ವರ್ಷಗಳ ಮೊದಲೇ ಅದು ಕಾಣಿಸಿಕೊಳ್ಳುತ್ತದೆ. ಅದರ ಗುರುತು ರಕ್ತದಲ್ಲಿ ಸಿಕ್ಕೀತೇ ಎಂಬ ಹುಡುಕಾಟ ಇಂದಿನದಲ್ಲ.

ಒತ್ತಡದ ಹಾರ್ಮೋನು ಕಾರ್ಟಿಸಾಲ್‌ಗೆ ಒಂದು ದಿನಚರಿಯಿದೆ: ಬೆಳಗ್ಗೆ ಏರು, ನಡುರಾತ್ರಿಗೆ ಇಳಿತ. ರಾತ್ರಿ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟರೆ ಆರೋಗ್ಯವಂತರಲ್ಲಿ ಮರುದಿನವಿಡೀ ಅದು ತಗ್ಗಿಯೇ ಇರುತ್ತದೆ. ತೀವ್ರ ಖಿನ್ನತೆಯುಳ್ಳ ಹಲವರಲ್ಲಿ ತಗ್ಗುವುದಿಲ್ಲ. 1981ರಲ್ಲಿ ಬರ್ನಾರ್ಡ್ ಕ್ಯಾರೊಲ್ ಮತ್ತು ಸಂಗಡಿಗರು ಇದನ್ನೇ ಖಿನ್ನತೆಯ ಪರೀಕ್ಷೆಯಾಗಿ ಮುಂದಿಟ್ಟಾಗ ಮನೋವೈದ್ಯರಿಗೂ ಒಂದು ಪ್ರಯೋಗಾಲಯ ದಕ್ಕಿತೆಂಬ ಹುರುಪು ಎದ್ದಿತ್ತು. ಆದರೆ ತೂಕ ಇಳಿದವರಲ್ಲಿ, ಮರೆವಿನ ಕಾಯಿಲೆಯವರಲ್ಲಿ, ಕುಡಿತ ಬಿಟ್ಟವರಲ್ಲಿ ಕೂಡ ಪರೀಕ್ಷೆ ಅದೇ ಫಲಿತಾಂಶ ಕೊಟ್ಟಿತು. ಪಾರ್ಕಿನ್ಸನ್ನಿನಲ್ಲಿ ತೂಕವೂ ಇಳಿಯುತ್ತದೆ, ಮರೆವೂ ಬರುತ್ತದೆ.

ಇನ್ನೊಂದು ಹಾರ್ಮೋನು ಪ್ರೊಲ್ಯಾಕ್ಟಿನ್. ಅದರ ಕಡಿವಾಣ ಡೋಪಮಿನ್ ಕೈಯಲ್ಲಿದೆ. ಡೋಪಮಿನ್ ಹೆಚ್ಚಿಸುವ ಪಾರ್ಕಿನ್ಸನ್ ಮಾತ್ರೆ ಲೆವೊಡೋಪಾ ನುಂಗಿದರೆ ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಹಾಗಾಗಿ ಆ ಅಂಕಿ ಮನಸ್ಸಿಗಿಂತ ಮಾತ್ರೆಯ ಸುದ್ದಿಯನ್ನೇ ಹೆಚ್ಚು ಹೇಳೀತು. ಥೈರಾಯ್ಡ್ ಪರೀಕ್ಷೆಯಂತೂ ಬೇಕೇ ಬೇಕು: ಆ ಗ್ರಂಥಿ ಸೊರಗಿದರೆ ಅದೊಂದೇ ಮನುಷ್ಯನನ್ನು ಮಂಕಾಗಿ, ನಿಧಾನವಾಗಿ ಮಾಡಬಲ್ಲದು, ಅದಕ್ಕೆ ಮದ್ದೂ ಇದೆ. ಇಷ್ಟರಲ್ಲೇ “ಹನಿ ರಕ್ತದಲ್ಲಿ ಖಿನ್ನತೆ ಪತ್ತೆ” ಎಂದು ತಲೆಬರಹ ಕೊಡುವುದು ರೋಗಿಗಳಿಗೆ ಮಾಡುವ ಅನ್ಯಾಯ.

ಇಷ್ಟು ದೂರ ಬಂದ ಮೇಲೆ ಹೊಳೆಯುವುದು ಬೇರೆಯೇ ಪ್ರಶ್ನೆ. ಯಾವ ಹಾರ್ಮೋನು ಎನ್ನುವುದಲ್ಲ, ಆ ಅಪ್ಪನನ್ನು ಯಾರಾದರೂ ಕೇಳಿದರೇ ಎನ್ನುವುದು. ಬಿಗಿದ ಮುಖ ದುಃಖವನ್ನು ಮುಚ್ಚುತ್ತದೆ. ದುಃಖವಿಲ್ಲದವನನ್ನೂ ದುಃಖಿಯಂತೆ ತೋರಿಸುತ್ತದೆ. ನಿದ್ದೆಗೇಡು, ಸುಸ್ತು, ನಿಧಾನಗತಿ ಎರಡೂ ಕಾಯಿಲೆಗಳಲ್ಲಿವೆ. ಮೊಮ್ಮಗಳು ಬಂದರೆ ಖುಷಿಯಾಗುತ್ತದೆಯೇ, ಕ್ರಿಕೆಟ್ ನೋಡಬೇಕೆನಿಸುತ್ತದೆಯೇ ಎಂದು ಕೇಳಿದರೆ ತಿಳಿದೀತು. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೇ ಮನಸ್ಸು ಕುಸಿಯುವವರೂ ಇದ್ದಾರೆ. ಅವರಿಗೆ ಮಾತ್ರೆಯ ವೇಳೆ ಹೊಂದಿಸಬೇಕಾಗಬಹುದು.

ಕೇಳುವುದರಿಂದ ಲಾಭವಿದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಎಂಬ ಮದ್ದುಗಳೆರಡೂ ಪಾರ್ಕಿನ್ಸನ್ ರೋಗಿಗಳ ಖಿನ್ನತೆಯನ್ನು ತಗ್ಗಿಸಿದವು, ನಡುಕ-ಬಿಗಿತ ಹೆಚ್ಚಲಿಲ್ಲ. ಮನೆಯಲ್ಲಿ ಪಾರ್ಕಿನ್ಸನ್ ರೋಗಿ ಇದ್ದರೆ ದಯವಿಟ್ಟು ಅವರನ್ನು ಕೇಳಿ. ಯಾವ ಹೊತ್ತಿನಲ್ಲಿ ಮನಸ್ಸು ಕುಗ್ಗುತ್ತದೆಂದು ಬರೆದಿಟ್ಟು, ಮುಂದಿನ ಭೇಟಿಯಲ್ಲಿ ಆ ಚೀಟಿಯನ್ನೂ ವೈದ್ಯರಿಗೆ ತೋರಿಸಿ.