ಹೆಸರು ಬದಲಾದ ಮನೆ

ಮೈಸೂರು ರಸ್ತೆಯ ಅಂಚಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕೆಂಗೇರಿಯ ಗೃಹಸ್ಥರಿಗೆ ಮೋಟಾರು ಗಾಡಿಗಳ ಓಟವೆಂಬುದು ವಿನೋದಕ್ಕಿಂತ ಉಪದ್ರವವಾಗಿಯೇ ತೋರುವುದು ಸಹಜ. ಹಗಲಿರುಳೂ ಕಿವಿಗೆ ಬೀಳುವ ಸದ್ದು ಅದೇ ಆಗಿರುವಾಗ, ಹಣ ಕೊಟ್ಟು ಅದನ್ನು ಕೇಳುವವರೂ ಉಂಟೆಂದರೆ ಹಿರಿಯರು ನಗದೆ ಏನು ಮಾಡಿಯಾರು? ಈ ಅಂಕಣವನ್ನು ಬರೆಯುವವನೂ ಬಹುಕಾಲ ಆ ನಗುವವರ ಪಂಕ್ತಿಯಲ್ಲಿಯೇ ಇದ್ದವನು. ಆದರೆ ೨೦೨೫ನೆಯ ಇಸವಿ ಮೇ ತಿಂಗಳು ೨೪ನೆಯ ತಾರೀಖು ಶನಿವಾರ ಸಂಜೆ ನೆರೆಮನೆಯಿಂದ ಎದ್ದ ಒಂದು ಕೂಗು ನನ್ನನ್ನು ಜಗುಲಿಯಿಂದ ಎಬ್ಬಿಸಿತು. ಹೋಗಿ ನೋಡಿದರೆ ಆ ಮನೆಯ ಹುಡುಗನು ಫೋನನ್ನು ಕೈಯಲ್ಲಿ ಹಿಡಿದು ಕುಣಿಯುತ್ತಿದ್ದನು. ಬೆಂಗಳೂರಿನಲ್ಲಿ ಹುಟ್ಟಿದ ಕುಶ್ ಮೈನಿ ಎಂಬ ತರುಣನು ಮೊನಾಕೋ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ನಡೆದ ಫಾರ್ಮುಲಾ ಟೂ ಪಂದ್ಯದಲ್ಲಿ ಮೊದಲಿಗನಾಗಿ ಬಂದಿದ್ದನು. ಆ ಸಮುದ್ರತೀರದಲ್ಲಿ ನಮ್ಮ ರಾಷ್ಟ್ರಗೀತೆ ಮೊಳಗುತ್ತಿದ್ದಿತು.

ಸತ್ಯವನ್ನು ಮರೆಮಾಚದೆ ಹೇಳುವುದಾದರೆ, ಅದು ವಾರಾಂತ್ಯದ ಎರಡು ಪಂದ್ಯಗಳಲ್ಲಿ ಚಿಕ್ಕದು. ಅರ್ಹತೆಯ ಪರೀಕ್ಷೆಯಲ್ಲಿ ಹತ್ತನೆಯವನಾಗಿ ಬಂದವನನ್ನು ಸಾಲಿನ ತಲೆಯಲ್ಲಿ ನಿಲ್ಲಿಸಿ ಬಿಡುವ ವಿಚಿತ್ರವಾದ ಕಟ್ಟಳೆ ಅದಕ್ಕೆ ಉಂಟು; ಆ ಕಟ್ಟಳೆಯ ಲಾಭ ಕುಶನಿಗೆ ದೊರೆತಿತ್ತು. ಆದರೂ ಹಿಂದೆ ಬರುವವರೆಲ್ಲರನ್ನೂ ಕೊನೆಯವರೆಗೆ ತಡೆದು ನಿಲ್ಲುವುದು, ಗೋಡೆಗೆ ಕೂದಲೆಳೆಯಷ್ಟು ಸಮೀಪದಲ್ಲಿ ಚಕ್ರ ಹಾಯಿಸುವುದು, ಕಟ್ಟಳೆ ಮಾಡಿಕೊಡುವ ಕೆಲಸವಲ್ಲ.

ಹುಡುಗನ ಅಜ್ಜಿ ಎಲ್ಲವನ್ನೂ ಕೇಳಿ, “ಗೆದ್ದನಲ್ಲ, ಇನ್ನು ದೊಡ್ಡ ಪಂದ್ಯಕ್ಕೆ ಯಾವಾಗ ಕೂರಿಸುತ್ತಾರೆ?” ಎಂದರು. ಹುಡುಗನ ಕುಣಿತ ನಿಂತಿತು. “ಅವನನ್ನು ಇಟ್ಟುಕೊಂಡಿರುವ ತಂಡಕ್ಕೇ ಈಗ ಕಷ್ಟಕಾಲ ಅಜ್ಜಿ” ಎಂದನು. ಆ ಕಷ್ಟಕಾಲದ ವೃತ್ತಾಂತವನ್ನು ಅನಂತರ ವಿಚಾರಿಸಿ ತಿಳಿದೆನು. ಅದು ಮೋಟಾರಿನ ಕಥೆ ಎನ್ನುವುದಕ್ಕಿಂತ ಒಂದು ಮನೆತನದ ಕಥೆಯಂತೆ ತೋರಿದುದರಿಂದ ಈ ತಿಂಗಳು ವಾಚಕರ ಮುಂದೆ ಇಡುತ್ತಿದ್ದೇನೆ.

ಫಾರ್ಮುಲಾ ಒನ್ ಎಂಬುದು ಈ ಕ್ರೀಡೆಯ ಅತ್ಯುಚ್ಚ ದರ್ಜೆ. ೨೦೨೫ರಲ್ಲಿ ಹತ್ತು ತಂಡಗಳು, ತಂಡಕ್ಕೆ ಎರಡು ಗಾಡಿಗಳು, ವರ್ಷಕ್ಕೆ ೨೪ ಪಂದ್ಯಗಳು. ಗೆದ್ದ ಚಾಲಕನಿಗೆ ಒಂದು ಪ್ರಶಸ್ತಿ, ಗಾಡಿ ಕಟ್ಟಿದ ತಂಡಕ್ಕೆ ಬೇರೊಂದು. ಭಾರತೀಯರಲ್ಲಿ ಇದುವರೆಗೆ ಈ ದರ್ಜೆಯಲ್ಲಿ ಸ್ಪರ್ಧಿಸಿದವರು ನರೇನ್ ಕಾರ್ತಿಕೇಯನ್, ಕರುಣ್ ಚಾಂಧೋಕ್ ಇಬ್ಬರೇ, ಇಬ್ಬರೂ ತಮಿಳುನಾಡಿನವರು. ಕನ್ನಡನಾಡಿನಿಂದ ಯಾರೂ ಆ ಗಾಡಿಯಲ್ಲಿ ಕುಳಿತು ಪಂದ್ಯಕ್ಕೆ ಇಳಿದಿಲ್ಲ. ಕುಶ್ ಮೈನಿಯು ೨೦೨೫ರಲ್ಲಿ ಆಲ್ಪೀನ್ ಎಂಬ ತಂಡದ ಪರೀಕ್ಷಾ ಚಾಲಕನಾಗಿಯೂ ಬದಲಿ ಚಾಲಕನಾಗಿಯೂ ನೇಮಕವಾದುದು ನಮ್ಮವರಿಗೆ ಹಿಗ್ಗಿನ ಸಂಗತಿಯಾದುದು ಇದರಿಂದಲೇ. ಇವನ ಮನೆತನದ ಹೆಸರು ಬೆಂಗಳೂರಿಗೆ ಹೊಸದಲ್ಲ: ೨೦೦೧ರಲ್ಲಿ ಇಲ್ಲಿ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ನಿರ್ಮಿಸಿದ ಚೇತನ್ ಮೈನಿಯವರು ಇವನ ಚಿಕ್ಕಪ್ಪ. ಆಗ ಆ ಕಾರನ್ನು ಕಂಡು ನಕ್ಕವರು ಎಷ್ಟೋ ಮಂದಿ. ಇಂದು ಅವರ ಮಕ್ಕಳೇ ವಿದ್ಯುತ್ ಗಾಡಿಗಳಲ್ಲಿ ತಿರುಗುತ್ತಿದ್ದಾರೆ.

ಆಲ್ಪೀನ್ ಎಂಬ ಹೆಸರು ಹೊಸದು, ೨೦೨೧ರದು. ಮನೆ ಮಾತ್ರ ಹಳೆಯದು. ಇಂಗ್ಲೆಂಡಿನಲ್ಲಿ ೧೯೮೧ರಲ್ಲಿ ಟೋಲ್ಮನ್ ಎಂಬ ಹೆಸರಿನಿಂದ ಇದು ಮೊದಲು ಕಣಕ್ಕಿಳಿಯಿತು. ಮುಂದೆ ಜಗದ್ವಿಖ್ಯಾತನಾದ ಐರ್ಟನ್ ಸೆನ್ನಾ ೧೯೮೪ರಲ್ಲಿ ತನ್ನ ಮೊದಲ ವರ್ಷವನ್ನು ಕಳೆದುದು ಈ ಮನೆಯಲ್ಲಿಯೇ; ಸುರಿಯುವ ಮಳೆಯಲ್ಲಿ, ಅದೇ ಮೊನಾಕೋದಲ್ಲಿ, ಎರಡನೆಯವನಾಗಿ ಬಂದು ಎಲ್ಲರ ಕಣ್ಣು ತೆರೆಯಿಸಿದನು. ಉಣ್ಣೆಯ ಉಡುಪುಗಳಿಗೆ ಹೆಸರಾದ ಇಟಲಿಯ ಬೆನೆಟ್ಟನ್ ಮನೆತನದವರು ತಂಡವನ್ನು ಕೊಂಡು ೧೯೮೬ರಿಂದ ತಮ್ಮ ಹೆಸರಿನಲ್ಲಿ ಓಡಿಸಿದರು. ೧೯೯೨ರಲ್ಲಿ ಆಕ್ಸ್‌ಫರ್ಡ್ ಪ್ರಾಂತದ ಎನ್‌ಸ್ಟೋನ್ ಎಂಬ ಹಳ್ಳಿಯ ಬಳಿ ಕಾರ್ಖಾನೆ ನೆಲೆಗೊಂಡಿತು. ಅಂದಿನಿಂದ ಇಂದಿನವರೆಗೆ ಬದಲಾಗದಿರುವುದು ಆ ಹಳ್ಳಿಯೊಂದೇ.

ಅಲ್ಲಿಂದ ಏಳಿಗೆಯ ಕಾಲ. ಮೈಕೇಲ್ ಷೂಮಾಕರನು ೧೯೯೪, ೧೯೯೫ ಎರಡು ವರ್ಷವೂ ಈ ಗಾಡಿಯಲ್ಲಿಯೇ ಜಗತ್ತನ್ನು ಗೆದ್ದನು. ೧೯೯೫ರಲ್ಲಿ ತಂಡದ ಪ್ರಶಸ್ತಿಯೂ ಎನ್‌ಸ್ಟೋನಿಗೆ ಬಂದಿತು. ಅವನು ಫೆರಾರಿಗೆ ಹೋದಮೇಲೆ ಮನೆ ಮಂಕಾಯಿತು. ಫ್ರಾನ್ಸಿನ ರೆನೋ ಕಂಪೆನಿಯವರು ಕೊಂಡರು. ೨೦೦೨ರಿಂದ ಹೆಸರು ರೆನೋ. ಸ್ಪೇನಿನ ಫೆರ್ನಾಂಡೊ ಅಲಾನ್ಸೊ ಎಂಬ ಹುಡುಗನು ೨೦೦೫ರಲ್ಲಿ, ಐದು ವರ್ಷ ಎಡೆಬಿಡದೆ ಗೆದ್ದಿದ್ದ ಅದೇ ಷೂಮಾಕರನ ಆಧಿಪತ್ಯವನ್ನು ಮುರಿದನು. ಆಗ ಅವನಿಗೆ ಇಪ್ಪತ್ತನಾಲ್ಕು ವಯಸ್ಸು. ಅದುವರೆಗಿನ ಚಾಂಪಿಯನ್ನರಲ್ಲೆಲ್ಲ ಅತ್ಯಂತ ಕಿರಿಯವನು. ೨೦೦೬ರಲ್ಲಿಯೂ ಅದೇ ಫಲ. ಎರಡು ವರ್ಷವೂ ಎರಡೆರಡು ಪ್ರಶಸ್ತಿಗಳು. ಅದಾದಮೇಲೆ ಇಲ್ಲ, ಒಂದೂ ಇಲ್ಲ.

ಕ್ಷಯ ಹೇಗೆ ಆರಂಭವಾಯಿತು? ಹಣ ಸಾಲದೆ ಹೋದುದರಿಂದಲ್ಲ. ೨೦೦೮ರಲ್ಲಿ ಸಿಂಗಪುರದ ಪಂದ್ಯದಲ್ಲಿ ಈ ತಂಡದ ಇನ್ನೊಬ್ಬ ಚಾಲಕನು, ಅಲಾನ್ಸೊನಿಗೆ ಅನುಕೂಲವಾಗಲೆಂದು ತನ್ನ ಗಾಡಿಯನ್ನು ಬೇಕೆಂದೇ ಗೋಡೆಗೆ ಹೊಡೆದನು. ಅಲಾನ್ಸೊ ಗೆದ್ದನು. ಮರುವರ್ಷ ಗುಟ್ಟು ಬಯಲಾಗಿ ತಂಡದ ಪಾರುಪತ್ಯಗಾರನಾದ ಫ್ಲಾವಿಯೊ ಬ್ರಿಯಾಟೋರೆಗೆ ಬಹಿಷ್ಕಾರ ವಿಧಿಸಲಾಯಿತು. ೨೦೧೦ರಲ್ಲಿ ಫ್ರಾನ್ಸಿನ ನ್ಯಾಯಾಲಯವು ಆ ಬಹಿಷ್ಕಾರವನ್ನು ರದ್ದುಮಾಡಿತೆಂಬುದೂ ನಿಜ. ಆದರೆ ಮನೆಯ ಮರ್ಯಾದೆಗೆ ತಗುಲಿದ ಕಲೆ ತೀರ್ಪಿನಿಂದ ತೊಳೆದುಹೋಗುವುದಲ್ಲ. ರೆನೋದವರು ಹಿಂದೆಗೆದರು. ಲಕ್ಸೆಂಬರ್ಗಿನ ಹಣವಂತರ ಕೈಗೆ ಆಡಳಿತ ಬಂದು, ಲೋಟಸ್ ಎಂಬ ಹೆಸರು ಬಂದಿತು. ಕಿಮಿ ರೈಕೊನೆನ್ ೨೦೧೨ರಲ್ಲಿಯೂ ೨೦೧೩ರಲ್ಲಿಯೂ ಒಂದೊಂದು ಪಂದ್ಯವನ್ನು ಗೆದ್ದುಕೊಟ್ಟನು. ಆದರೆ ಸಾಲ ಬೆಳೆಯುತ್ತಲೇ ಇದ್ದಿತು. ೨೦೧೫ರಲ್ಲಿ ಬೆಲ್ಜಿಯಮ್ಮಿನಲ್ಲಿ ಸಾಲಗಾರರ ಪರವಾಗಿ ನ್ಯಾಯಾಲಯದವರು ಬಂದು ಗಾಡಿಗಳನ್ನು ತಡೆದು ನಿಲ್ಲಿಸಿದರು. ಅದೇ ವರ್ಷ ಜಪಾನಿನಲ್ಲಿ ಬಾಡಿಗೆ ಸಲ್ಲದ ಕಾರಣ ಊಟದ ಬಿಡಾರದ ಬಾಗಿಲೇ ತೆರೆಯಲಿಲ್ಲ. ಜಗತ್ತನ್ನು ನಾಲ್ಕು ಸಲ ಗೆದ್ದ ಗಾಡಿಗಳನ್ನು ಕಟ್ಟಿದ ಮನೆಯ ಕೆಲಸಗಾರರು ಅನ್ಯರು ಕೊಟ್ಟ ಊಟವನ್ನು ಉಂಡರು.

ವರ್ಷದ ಕೊನೆಯಲ್ಲಿ ರೆನೋದವರೇ ಮತ್ತೆ ಕೊಂಡುಕೊಂಡರು. ಒಂದು ಪೌಂಡು ಬೆಲೆಗೆ, ಸಾಲಗಳ ಸಮೇತ.

ಇಲ್ಲಿಂದ ಮುಂದಿನದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಭಾಗ. ಹಣವಿರುವ ಯಜಮಾನ ಬಂದನು. ಮನೆ ಏಕೆ ಏಳಲಿಲ್ಲ? ೨೦೨೧ರಲ್ಲಿ ಹಂಗೆರಿಯಲ್ಲಿ ಎಸ್ಟೆಬನ್ ಓಕಾನ್ ಗೆದ್ದನು. ಮನೆಗೆ ಮರಳಿ ಬಂದಿದ್ದ ಅಲಾನ್ಸೊ ಹಿಂದಿನಿಂದ ಬರುತ್ತಿದ್ದ ಹ್ಯಾಮಿಲ್ಟನ್ನನನ್ನು ಸುತ್ತುಗಟ್ಟಲೆ ತಡೆದು ನಿಲ್ಲಿಸಿದುದರಿಂದ ಆ ಜಯ ಉಳಿಯಿತು. ೨೦೨೨ರಲ್ಲಿ ನಾಲ್ಕನೆಯ ಸ್ಥಾನವೂ ಬಂದಿತು. ಅದೇ ವರ್ಷ ಆಗಸ್ಟಿನಲ್ಲಿ ಅಲಾನ್ಸೊ ತಾನು ಬಿಟ್ಟು ಹೋಗುವುದಾಗಿ ಸಾರಿದನು. ಅವನ ಸ್ಥಾನಕ್ಕೆ, ತಾವೇ ಖರ್ಚುಮಾಡಿ ತಯಾರುಮಾಡಿದ ಆಸ್ಟ್ರೇಲಿಯದ ಆಸ್ಕರ್ ಪಿಯಾಸ್ಟ್ರಿಯ ಹೆಸರನ್ನು ಸಾರಿದರೆ, ಆ ಹುಡುಗನು ತಾನು ಈ ತಂಡಕ್ಕೆ ಓಡಿಸುವುದಿಲ್ಲವೆಂದು ಬಹಿರಂಗವಾಗಿ ಹೇಳಿಬಿಟ್ಟನು. ವ್ಯಾಜ್ಯ ಪಂಚಾಯಿತಿಗೆ ಹೋಯಿತು. ಕರಾರು ಮೆಕ್ಲಾರೆನ್ ತಂಡದ ಕಡೆಗೇ ಬಿಗಿಯಾಗಿದ್ದಿತೆಂದು ತೀರ್ಮಾನವಾಯಿತು. ಮನೆಯಲ್ಲಿ ಬೆಳೆದ ಹುಡುಗನ ಪತ್ರವನ್ನು ಕಾಲಕ್ಕೆ ಸರಿಯಾಗಿ ಬರೆಸಿಕೊಳ್ಳದ ಯಜಮಾನಿಕೆ ಎಂಥದು!

ಯಜಮಾನಿಕೆಯಾದರೂ ಒಬ್ಬರ ಕೈಯಲ್ಲಿ ನಿಂತಿತೇ? ೨೦೨೩ರ ಜುಲೈಯಲ್ಲಿ, ಬೆಲ್ಜಿಯಮ್ಮಿನ ಪಂದ್ಯ ನಡೆಯುತ್ತಿರುವ ವಾರದಲ್ಲಿಯೇ, ತಂಡದ ಮುಖ್ಯಸ್ಥನನ್ನು ಕಳುಹಿಸಿಬಿಟ್ಟರು. ಅವನೊಡನೆ ಹೊರನಡೆದವನು ಅಲನ್ ಪರ್ಮೇನ್. ಬೆನೆಟ್ಟನ್ನಿನ ಕಾಲದಿಂದ, ಮೂವತ್ತನಾಲ್ಕು ವರ್ಷ, ಹೆಸರು ಏನೇ ಬದಲಾದರೂ ಬಿಡದೆ ಇದ್ದವನು. ಷೂಮಾಕರನ ಗೆಲವನ್ನೂ ಅಲಾನ್ಸೊನ ಗೆಲವನ್ನೂ ಒಳಗಿನಿಂದ ಕಂಡವನು. ಹೊಸ ಮುಖ್ಯಸ್ಥ ಬಂದು ಒಂದು ವರ್ಷವಿದ್ದನು. ಇನ್ನೊಬ್ಬನು ಬಂದು ಒಂಬತ್ತು ತಿಂಗಳಿದ್ದು ೨೦೨೫ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟನು. ಈ ನಡುವೆ ೨೦೨೪ರಲ್ಲಿ ಸಲಹೆಗಾರನೆಂಬ ಬಿರುದಿನೊಡನೆ ಮರಳಿ ಬಂದು ಕುಳಿತವನು ಯಾರು? ಬ್ರಿಯಾಟೋರೆಯೇ. ಎರಡು ಏಳಿಗೆಗಳೂ ಅವನ ಕಾಲದವು, ಆ ಕಲೆಯೂ ಅವನ ಕಾಲದ್ದು. ಕಷ್ಟಕಾಲ ಬಂದಾಗ ಮನೆಯವರು ಹಳೆಯ ಯಜಮಾನನ ಕೈಚಳಕವನ್ನು ನೆನೆಯುತ್ತಾರೆ, ಅವನು ಮಾಡಿದ ಸಾಲವನ್ನು ನೆನೆಯುವುದಿಲ್ಲ.

೨೦೨೫ರಲ್ಲಿ ಹತ್ತು ತಂಡಗಳಲ್ಲಿ ಹತ್ತನೆಯದು ಆಲ್ಪೀನ್. ೨೪ ಪಂದ್ಯಗಳಿಂದ ದೊರೆತ ಅಂಕಗಳು ೨೨. ಅಷ್ಟನ್ನೂ ಪಿಯೆರ್ ಗ್ಯಾಸ್ಲಿಯೊಬ್ಬನೇ ತಂದನು. ಇನ್ನೊಂದು ಗಾಡಿಯಲ್ಲಿ ಮೊದಲ ಆರು ಪಂದ್ಯಗಳಿಗೆ ಕುಳಿತವನನ್ನು ಎಬ್ಬಿಸಿ ಅರ್ಜೆಂಟೀನದ ಫ್ರಾಂಕೊ ಕೊಲಪಿಂಟೊನನ್ನು ಕೂರಿಸಿದರು. ಅವನಿಗೂ ಇವನಿಗೂ ಸೊನ್ನೆ.

ಆದರೆ ಈ ಹೀನಾಯದಲ್ಲಿ ಒಂದು ಲೆಕ್ಕಾಚಾರವೂ ಇದ್ದಿತು. ೨೦೨೬ರಿಂದ ಗಾಡಿಗಳ ಕಟ್ಟಳೆಗಳೆಲ್ಲ ಬದಲಾಗುವುದೆಂದು, ಅರ್ಧದಷ್ಟು ಶಕ್ತಿ ವಿದ್ಯುತ್ತಿನಿಂದಲೇ ಬರಬೇಕಾಗುವುದೆಂದು ಗೊತ್ತಾಗಿದ್ದುದರಿಂದ, ತಂಡದವರು ಈ ವರ್ಷದ ಗಾಡಿಯನ್ನು ತಿದ್ದುವುದನ್ನು ಬೇಗನೆ ನಿಲ್ಲಿಸಿ ಬರುವ ವರ್ಷದ್ದಕ್ಕೆ ಕೈಹಾಕಿದರು. ಬಿತ್ತನೆಯ ಬೀಜವನ್ನು ತೆಗೆದಿರಿಸಿ ಈ ಸಲ ಹಸಿದಿರುವ ಒಕ್ಕಲಿಗನಂತೆ.

ಇದಕ್ಕಿಂತ ದೊಡ್ಡ ತ್ಯಾಗ ಬೇರೊಂದು. ಎನ್‌ಸ್ಟೋನಿನಲ್ಲಿ ಗಾಡಿಯ ಮೈ ಆಗುತ್ತಿದ್ದರೆ, ಅದರ ಯಂತ್ರ ಆಗುತ್ತಿದ್ದುದು ಪ್ಯಾರಿಸ್ಸಿನ ಸಮೀಪದ ವಿರಿ-ಶಾಟಿಯೋನಿನ ರೆನೋ ಕಾರ್ಖಾನೆಯಲ್ಲಿ. ೧೯೭೭ರಲ್ಲಿ ರೆನೋದವರು ಟರ್ಬೊ ಯಂತ್ರವನ್ನು ಮೊದಲು ತಂದಾಗ ಅದು ಹೊಗೆಯಾಡುತ್ತ ನಿಂತುಬಿಡುತ್ತಿದ್ದುದನ್ನು ಕಂಡು ಇಂಗ್ಲಿಷರು ಅದಕ್ಕೆ ‘ಹಳದಿ ಟೀ ಕೆಟಲು’ ಎಂದು ಹೆಸರಿಟ್ಟು ನಕ್ಕಿದ್ದರು. ಎರಡು ವರ್ಷದಲ್ಲಿ ಆ ಕೆಟಲು ಗೆದ್ದಿತು. ಕೆಲವು ವರ್ಷಗಳಲ್ಲಿ ನಕ್ಕವರೂ ಟರ್ಬೊ ಯಂತ್ರವನ್ನೇ ಹುಡುಕಿಕೊಂಡು ಹೋದರು. ವಿಲಿಯಮ್ಸ್, ಬೆನೆಟ್ಟನ್, ರೆನೋ, ರೆಡ್ ಬುಲ್ ಈ ನಾಲ್ಕು ತಂಡಗಳಿಗೆ ೧೯೯೨ರಿಂದ ೨೦೧೩ರವರೆಗೆ ಹನ್ನೆರಡು ತಂಡಪ್ರಶಸ್ತಿಗಳನ್ನು ತಂದುಕೊಟ್ಟುದು ರೆನೋ ಯಂತ್ರ. ೨೦೧೪ರಲ್ಲಿ ಯಂತ್ರದ ಕಟ್ಟಳೆ ಬದಲಾದಮೇಲೆ ಮಾತ್ರ ಅದು ಹಿಂದೆ ಬಿದ್ದು ಮತ್ತೆ ಮುಂದೆ ಬರಲಿಲ್ಲ. ೨೦೨೪ರ ಸೆಪ್ಟೆಂಬರ್ ಕೊನೆಯಲ್ಲಿ ಕಂಪೆನಿಯವರು, ೨೦೨೫ರ ಬಳಿಕ ಸ್ವಂತ ಯಂತ್ರ ಬೇಡ, ಕೊಂಡು ತಂದರೆ ಅಗ್ಗ ಎಂದು ನಿರ್ಧರಿಸಿದರು. ಅದಕ್ಕೆ ಒಂದು ತಿಂಗಳು ಮೊದಲೇ, ಇಟಲಿಯ ಮೊಂಜಾ ಪಂದ್ಯದಲ್ಲಿ ವಿರಿಯ ಕೆಲಸಗಾರರು ಪ್ರೇಕ್ಷಕರ ನಡುವೆ ಕುಳಿತು ತಮ್ಮ ಪ್ರತಿಭಟನೆಯನ್ನು ತೋರಿಸಿದ್ದರು. ಎಲ್ಲರಿಗೂ ಬೇರೆ ಕೆಲಸ ಕೊಡುವೆವೆಂದು ಕಂಪೆನಿ ಹೇಳಿತು. ೨೦೨೫ನೆಯ ಡಿಸೆಂಬರ್ ೭ರಂದು ಅಬುಧಾಬಿಯಲ್ಲಿ ಆ ಯಂತ್ರದ ಸದ್ದು ಕೊನೆಯ ಸಲ ಕೇಳಿಸಿತು. ೨೦೨೬ರಿಂದ ಈ ಮನೆಯ ಗಾಡಿಗೆ ಮರ್ಸಿಡಿಸ್ ಯಂತ್ರ.

ಸ್ವಂತ ಒಲೆಯನ್ನು ಆರಿಸಿ ನೆರೆಮನೆಯಿಂದ ಅನ್ನ ತರಿಸಿಕೊಳ್ಳುವ ಮನೆ ಮೇಲೇಳುವುದುಂಟೆ ಎಂದು ಗೃಹಿಣಿಯರು ಕೇಳಬಹುದು. ನಾನೂ ಹಾಗೆಯೇ ಕೇಳಿದೆನು. ನೆರೆಮನೆಯ ಹುಡುಗನು ಎರಡು ದೃಷ್ಟಾಂತಗಳನ್ನು ಎದುರಿಗಿಟ್ಟನು. ಮೆಕ್ಲಾರೆನ್ ತಂಡವು ೨೦೨೩ರ ಮೊದಲಲ್ಲಿ ಎಲ್ಲಕ್ಕಿಂತ ಹಿಂದೆ ಇದ್ದಿತು. ಅದೂ ಇದೇ ಮರ್ಸಿಡಿಸ್ ಯಂತ್ರವನ್ನು ಕೊಂಡು ಓಡಿಸುವ ತಂಡ. ಅದು ೨೦೨೪ರಲ್ಲಿ, ೧೯೯೮ರ ಬಳಿಕ ಮೊದಲ ಬಾರಿ, ತಂಡಪ್ರಶಸ್ತಿಯನ್ನು ಗೆದ್ದು, ೨೦೨೫ರಲ್ಲಿ ಮತ್ತೆ ಗೆದ್ದಿತು. ಯಂತ್ರ ಮಾರಿದ ಮರ್ಸಿಡಿಸ್ಸಿನವರು ಅದರ ಹಿಂದೆ ಉಳಿದರು. ಒಂಬತ್ತು ತಂಡಪ್ರಶಸ್ತಿಗಳ ವಿಲಿಯಮ್ಸ್ ೨೦೧೮ರಿಂದ ಮೂರು ವರ್ಷ ಕಟ್ಟಕಡೆಯಲ್ಲಿದ್ದು, ಒಡೆಯರೂ ಬದಲಾಗಿ, ೨೦೨೫ರಲ್ಲಿ ಐದನೆಯ ಸ್ಥಾನಕ್ಕೆ ಏರಿತು. ಅದರದೂ ಕೊಂಡ ಯಂತ್ರವೇ. ಆದುದರಿಂದ ಒಲೆ ಯಾರದೆಂಬುದು ಅಷ್ಟು ಮುಖ್ಯವಲ್ಲ. ಆ ಎರಡು ಮನೆಗಳಲ್ಲಿಯೂ ನಾನು ಕಂಡ ಸಾಮ್ಯವೆಂದರೆ, ಕಾರ್ಯವನ್ನು ಒಬ್ಬನಿಗೆ ಒಪ್ಪಿಸಿ, ಎರಡು ಮೂರು ವರ್ಷ ಅವನನ್ನು ಕದಲಿಸದೆ ಬಿಟ್ಟುದು. ಎನ್‌ಸ್ಟೋನಿನವರೂ ೨೦೨೫ರ ಸೆಪ್ಟೆಂಬರಿನಲ್ಲಿ, ಹಿಂದೆ ಅದೇ ಮನೆಯಲ್ಲಿ ದುಡಿದು ಹೋಗಿದ್ದ ಸ್ಟೀವ್ ನೀಲ್ಸನ್ ಎಂಬವನನ್ನು ಕರೆತಂದು ನಿತ್ಯದ ಆಡಳಿತವನ್ನು ಒಪ್ಪಿಸಿದ್ದಾರೆ. ಗ್ಯಾಸ್ಲಿಯೂ ೨೦೨೮ರವರೆಗೆ ಇರಲು ಒಪ್ಪಿದ್ದಾನೆ. ಬ್ರಿಯಾಟೋರೆಯು ನೀಲ್ಸನ್ನನನ್ನು ತನ್ನ ಪಾಡಿಗೆ ಬಿಟ್ಟಾನೆಯೇ ಎಂಬುದರ ಮೇಲೆ, ಯಂತ್ರಕ್ಕಿಂತ ಹೆಚ್ಚು, ಈ ಮನೆಯ ಏಳಿಗೆ ನಿಂತಿದೆಯೆಂದು ನನಗೆ ತೋರುತ್ತದೆ. ಹುಡುಗನು ಇದನ್ನು ಒಪ್ಪುವುದಿಲ್ಲ. ಅವನಿಗೆ ಎಲ್ಲವೂ ಯಂತ್ರವೇ.

ನಮ್ಮ ಕುಶನಿಗೆ ಇದರಿಂದ ಏನು? ಬದಲಿ ಚಾಲಕರೆನ್ನಿಸಿಕೊಂಡವರು ಆ ಮನೆಯಲ್ಲಿ ಅವನೊಬ್ಬನೇ ಇರಲಿಲ್ಲ. ಮೊನಾಕೋದ ಜಯ ಬಿಟ್ಟರೆ ಫಾರ್ಮುಲಾ ಟೂ ದರ್ಜೆಯಲ್ಲಿ ಅವನ ಆ ವರ್ಷವೂ ಹೇಳಿಕೊಳ್ಳುವಂಥದಲ್ಲ. ೨೦೨೬ಕ್ಕೆ ಗ್ಯಾಸ್ಲಿಯೊಡನೆ ಕೊಲಪಿಂಟೊನನ್ನೇ ಉಳಿಸಿಕೊಂಡಿರುವುದಾಗಿ ನವೆಂಬರಿನಲ್ಲಿಯೇ ಪ್ರಕಟವಾಯಿತು. ಹುಡುಗನು ಆ ಸುದ್ದಿಯನ್ನು ತಂದು ಅಜ್ಜಿಗೆ ಓದಿ ಹೇಳುವಾಗ ನಾನೂ ಅಲ್ಲಿದ್ದೆನು. ಅವರು ಬಿಡಿಸುತ್ತಿದ್ದ ಅವರೆಕಾಯಿಯಿಂದ ತಲೆಯೆತ್ತದೆ, “ಹಾಗಾದರೆ ನಮ್ಮ ಹುಡುಗನಿಗೆ ಇನ್ನೂ ಎಲೆ ಹಾಕಿಲ್ಲ ಅನ್ನು. ಪಂಕ್ತಿ ಎದ್ದಿಲ್ಲವಷ್ಟೆ?” ಎಂದರು.

ಎದ್ದಿಲ್ಲವೆಂದು ಹುಡುಗನು ಹೇಳಿದನು.